ಬಿಳಿಗಿರಿಯ ಪೋಡುಗಳಲ್ಲಿ

ನೆಲಮಂಗಲದಿಂದ ಹೊರಟು ಮಾಗಡಿ, ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮಾರ್ಗವಾಗಿ ಯಳಂದೂರನ್ನು ತಲಪಿ, ಅಲ್ಲಿಂದ ಬಿಳಿಗಿರಿರಂಗನ ಬೆಟ್ಟವನ್ನೇರಿದೆವು. ಹೆದ್ದಾರಿಯ ಬದಿಯ ರಾಗಿಹೊಲಗಳು ಗೋದಾಮುಗಳಾದುದನ್ನು ನಿತ್ಯ ಕಾಣುವ ನಮಗೆ, ಕಾಡಿನ ನಡುವಣ ತುಂಡುನೆಲದಲ್ಲಿ ರಾಗಿ, ಸಾಸಿವೆ, ಅವರೆ, ಮುಸುಕಿನ ಜೋಳಗಳು ಒತ್ತೊತ್ತಾಗಿ ನಿಂತ ನೋಟ ಹಿತವೆನಿಸಿತು. ಇವು ಸೋಲಿಗರ ಹೊಲಗಳು. ಅವರ ವಸತಿಗಳಿಗೆ ಪೋಡುಗಳೆಂದು ಹೆಸರು.

ಮಲೆಯ ಮಾದಪ್ಪನ ಕಥೆಯಲ್ಲಿ ಸಂಕಮ್ಮನ ಸಾಲನ್ನು ಕೇಳಿದ ಮನೆಗಳಿಗೆ ಸೋಲಿಗರು ಹೊಸಬರಲ್ಲ. ಆದರೆ ಜೇನು ಕೀಳುವವರೆಂದು ಬಲ್ಲವರೂ ಅವರು ಕೃಷಿಕರೆಂಬುದನ್ನು ಅರಿಯರು. ಹಿಂದೆ ಅವರು ಕಾಡಿನಲ್ಲಿ ಚಿಕ್ಕದೊಂದು ಜಾಗವನ್ನು ಸವರಿ, ಸುಟ್ಟು, ಕೆಲವು ವರ್ಷ ಬಿತ್ತಿ, ಅದನ್ನು ಮರಳಿ ಕಾಡಿಗೇ ಬಿಟ್ಟು ಮುಂದೆ ಸಾಗುತ್ತಿದ್ದರು. 1974ರಲ್ಲಿ ವನ್ಯಧಾಮದ ಘೋಷಣೆಯಾಯಿತು; ಆ ಸಂಚಾರ ನಿಂತಿತು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆಸ್ಪತ್ರೆ, ಶಾಲೆಗಳನ್ನು ನಡೆಸಿ, ಮಕ್ಕಳಿಗೆ ಅಕ್ಷರದೊಡನೆ ಕೈಕಸುಬನ್ನೂ ಕಲಿಸಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂಬ ಘೋಷಣೆಯೂ, ಅದೇ ವರ್ಷ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕೂ ಬಂದವು.

ಗಿರಿಜನ ಯುವಕರಿಗೆ ಬೇಸಾಯ ಕಲಿಸುತ್ತೇವೆಂದು ಪಟ್ಟಣದಿಂದ ಬರುವ ಉದಾರಿಗಳಿದ್ದಾರೆ. ಈ ಮಾತು ನಮಗೆ ಪೂರ್ತಿ ಒಪ್ಪಿಗೆಯಾಗದು. ಯಾವ ಬೀಜಕ್ಕೆ ಯಾವುದು ಜೊತೆ, ಯಾವ ಮಳೆಗೆ ಬಿತ್ತಬೇಕು ಎಂಬುದನ್ನು ಪೋಡಿನ ಅಜ್ಜಿಯರೇ ಬಲ್ಲರು. ಹೊಸತಾಗಿ ಕಲಿಯಬೇಕಾದುದು ಬೇರೆಯೇ ಇದೆ. ಮೊದಲು ನೆಲ ತಾನೇ ವಿಶ್ರಮಿಸಿ ಚೇತರಿಸಿಕೊಳ್ಳುತ್ತಿತ್ತು. ಈಗ ಒಂದೇ ಹೊಲವನ್ನು ವರ್ಷವರ್ಷವೂ ಉಳಬೇಕು. ಅದಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ದನಕರು ಬೇಕು, ದನಕ್ಕೆ ಮೇವು ಬೇಕು. ಹುಲಿ ಚಿರತೆಗಳಿರುವ ಕಾಡಿನಲ್ಲಿ ದನ ಬಿಟ್ಟು ಮೇಯಿಸುವುದು ಎರಡು ಕಡೆಗೂ ಅಪಾಯ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಕಳೇಬರವನ್ನು ತಿಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತದ್ದನ್ನು ಓದುಗರು ಮರೆತಿರಲಾರರು.

ಆದುದರಿಂದ ಬದುವಿನ ಮೇಲೆ ಮೇವಿನ ಹುಲ್ಲು ಬೆಳೆದು, ಒಂದೆರಡು ಹಸುಗಳನ್ನೋ ಆಡುಗಳನ್ನೋ ಕೊಟ್ಟಿಗೆಯಲ್ಲೇ ಸಾಕಿ, ಸಗಣಿ ಗಂಜಲಗಳನ್ನು ಗುಂಡಿಯಲ್ಲಿ ಕಳಿಸಿ ಹೊಲಕ್ಕೆ ಹಾಕುವ ವಿದ್ಯೆ ಬೇಕು. ಕೋಳಿಗೆ ಸಕಾಲಕ್ಕೆ ಲಸಿಕೆ ಹಾಕಿಸುವುದನ್ನೂ ಅರಿಯಬೇಕು. ಇದು ಕರಿಹಲಗೆಯ ಪಾಠವಲ್ಲ, ಸಗಣಿಯಲ್ಲಿ ಕೈಯಿಟ್ಟೇ ಬರಬೇಕಾದುದು. ಮರದ ನೆರಳಿನ ಕಾಫಿ, ಮೆಣಸುಗಳು ಈಗಾಗಲೇ ಅನೇಕ ಪೋಡುಗಳಿಗೆ ಕೈಗಾಸು ತರುತ್ತಿವೆ.

ಆದರೂ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವ ತರುಣರಿದ್ದಾರೆ. ಆನೆ ಹಂದಿಗಳ ಕಾಟಕ್ಕೆ ತೆನೆಗಟ್ಟಿದ ರಾಗಿಯನ್ನು ಇರುಳಿಡೀ ಕಾಯಬೇಕು. ನಾವು ಇಳಿದು ಬರುವಾಗ ಸಂಜೆಯಾಗಿತ್ತು. ದಾರಿಬದಿಯ ಹೊಲದ ಅಟ್ಟಣೆಗೆ ಕಂಬಳಿ ಹೊದ್ದ ಮುದುಕರೊಬ್ಬರು ಒಬ್ಬರೇ ಏರುತ್ತಿದ್ದರು.