ಬಸವನಗುಡಿಯ ಬೀದಿಗಳು

ಬೆಂಗಳೂರಿನ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ದರ್ಶನ ಪಡೆದು ಬರುವ ಭಕ್ತರು ಅಲ್ಲಿಯ ನೇರವೂ ವಿಶಾಲವೂ ಆದ ಬೀದಿಗಳನ್ನು ಕಂಡು ಮೆಚ್ಚುವರು. ಆ ಬೀದಿಗಳ ಹಿಂದೆ ಒಂದು ಮಹಾಮಾರಿಯ ಚರಿತ್ರೆಯಿದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯನ್ನು ಹೊಕ್ಕು, 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಇಲಿ ಬಿದ್ದಿತೆಂದರೆ ಮನೆ ಬಿಡಬೇಕು. ಜನರು ಊರ ಹೊರಗೆ ಗುಡಿಸಲು ಹಾಕಿಕೊಂಡು ದಿನ ನೂಕಿದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುವುದೆಂದು ಫ್ರೆಂಚ್ ವೈದ್ಯ ಸಿಮಾಂಡ್ ಅದೇ ವರ್ಷ ಕರಾಚಿಯಲ್ಲಿ ಕಂಡುಕೊಂಡನಾದರೂ ಲೋಕವು ಅದನ್ನೊಪ್ಪಲು ವರ್ಷಗಳೇ ಹಿಡಿದವು. ದಿಕ್ಕುಗಾಣದ ಜನ ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಇಕ್ಕಟ್ಟಾದ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಬೆಳೆದವು. ಗಾಳಿ ಬೆಳಕಿಗೆ ಎಡೆಯಾಯಿತು.

ಆದರೆ ಒಂದು ಮಾತನ್ನು ಮರೆಯಲಾಗದು. ರೋಗವು ಜಾತಿ ಕೇಳಿ ಬರಲಿಲ್ಲ. ಹೊಸ ಬಡಾವಣೆಗಳಲ್ಲಾದರೋ ಜಾತಿಗೊಂದು ಭಾಗವನ್ನು ಗೊತ್ತುಪಡಿಸಲಾಯಿತು. ಮನೆಗಳ ಹಿಂದೆ ಮಲ ಹೊರುವವರು ಬಂದು ಹೋಗಲೆಂದು ಕಿರುಓಣಿಗಳನ್ನು ಬಿಟ್ಟರು. ಊರಿನ ಕೊಳೆ ತೆಗೆದು ಜೀವ ಉಳಿಸಿದವರು ಹಿತ್ತಲಿನಲ್ಲೇ ಉಳಿದರು. ಕಾಯಕಕ್ಕೆ ಮೇಲು ಕೀಳಿಲ್ಲವೆಂದು ಸಾರಿದ ಶರಣರ ನಾಡಿಗೆ ಇದು ಒಪ್ಪುವ ನಡೆಯಲ್ಲ.

2020ರ ಕೊರೋನಾ ಕಾಲದಲ್ಲಿಯೂ ಊರಿಗೆ ಮರಳಿದ ಕೂಲಿಕಾರರನ್ನು ಅನೇಕರು ಶಂಕೆಯಿಂದ ಕಂಡರು. ಅವರಿಗೆ ಅನ್ನವಿಕ್ಕಿದ ಕೈಗಳೂ ಇದ್ದವು. ರೋಗ ಬಂದಾಗ ದೇಹಗಳ ನಡುವೆ ಅಂತರವಿರಬೇಕೆಂಬುದು ವೈದ್ಯರ ವಿಧಿ, ಅದನ್ನು ಪಾಲಿಸತಕ್ಕದ್ದೇ. ದಾಸೋಹಕ್ಕೆ ಮಾತ್ರ ಅಂತರ ಸಲ್ಲದು. ಬಸವನಗುಡಿಗೆ ಹೋದ ಭಕ್ತರು ಅಗಲವಾದ ಬೀದಿಯೊಡನೆ ಹಿಂದಿನ ಓಣಿಯನ್ನೂ ಒಮ್ಮೆ ನೋಡಿ ಬರಲಿ.