ಹತ್ತು ಸೆಕೆಂಡಿನ ಸರದಿ

ಹ್ಯಾಮ್ ರೇಡಿಯೊ ಎಂಬ ಹವ್ಯಾಸಕ್ಕೆ, ಮನೆಯವರ ಮಾತಿನಲ್ಲಿ ಹೇಳುವುದಾದರೆ ವ್ಯಸನಕ್ಕೆ, ಸಿಲುಕಿದವನು ಮಾತನಾಡುವುದರಲ್ಲಿ ಕಳೆಯುವ ಕಾಲ ಅತ್ಯಲ್ಪ. ಆಲಿಸುವುದರಲ್ಲಿಯೇ ಅವನ ರಾತ್ರಿಗಳೆಲ್ಲ ಸಂದುಹೋಗುತ್ತವೆ. ನಾಲ್ವತ್ತು ಮೀಟರಿನ ಪಟ್ಟಿಯಲ್ಲಿ ಭಾರತದ ಹವ್ಯಾಸಿಗಳಿಗೆ ದೊರೆತಿರುವುದು 7,000ದಿಂದ 7,200 ಕಿಲೋಹರ್ಟ್ಸ್‌ವರೆಗಿನ ಎಡೆ ಮಾತ್ರ; ಒಂದು ಧ್ವನಿಗೆ ಸುಮಾರು 3 ಕಿಲೋಹರ್ಟ್ಸ್ ಬೇಕಾಗುವುದರಿಂದ ಅರುವತ್ತಾರು ಸಂಭಾಷಣೆಗಳಾಗುವಷ್ಟರಲ್ಲಿ ಆ ಎಡೆಯೆಲ್ಲವೂ ತುಂಬಿಹೋಗುತ್ತದೆ.

ಆದುದರಿಂದ ಮೋರ್ಸ್ ಕೀಯನ್ನು ಮುಟ್ಟುವ ಮುನ್ನ ಕಿವಿಗೊಡಬೇಕು. ಏನೊಂದೂ ಕೇಳಿಸದಿದ್ದರೂ ‘ಕ್ಯೂ-ಆರ್-ಎಲ್?’ ಎಂದು, ಎಂದರೆ ಈ ಎಡೆಯಲ್ಲಿ ಯಾರಾದರೂ ಇರುವಿರಾ ಎಂದು, ವಿಚಾರಿಸಬೇಕು. ಅಯಾನುಗೋಳದಿಂದ ಮರಳುವ ತರಂಗವು ಸಮೀಪದ ಊರುಗಳನ್ನು ನೆಗೆದು ದೂರದೇಶದಲ್ಲಿ ಇಳಿಯುವುದುಂಟಾಗಿ, ಇಬ್ಬರು ನುಡಿಯುತ್ತಿರುವಲ್ಲಿ ನುಡಿಯುವವನ ದನಿ ನನಗೆ ಮುಟ್ಟದೆ, ನಾನು ಮೌನವೆಂದು ಭ್ರಮಿಸಿದುದು ಅನ್ಯನ ಮಾತಿನ ಸರದಿಯೇ ಆಗಿರಬಹುದಷ್ಟೆ. ದುರ್ಲಭವಾದ ದ್ವೀಪವೊಂದರಿಂದ ಕರೆ ಬಂದೊಡನೆ, ತೇರಿನ ಹಗ್ಗಕ್ಕೆ ಮುಗಿಬೀಳುವ ಭಕ್ತರಂತೆ ನೂರಾರು ಮಂದಿ ಒಮ್ಮೆಗೇ ಎರಗಿ ಈ ಶಿಷ್ಟಾಚಾರವನ್ನೆಲ್ಲ ಮರೆಯುವುದೂ ಉಂಟು; ಆ ಗದ್ದಲದಲ್ಲಿ ನನಗೆ ರುಚಿಯಿಲ್ಲ.

ನನಗೆ ಪರಮಪ್ರಿಯವಾದುದು 14,100 ಕಿಲೋಹರ್ಟ್ಸ್. ಕ್ಯಾಲಿಫೋರ್ನಿಯಾದ ಹವ್ಯಾಸಿಗಳ ಪ್ರತಿಷ್ಠಾನವೊಂದು ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟದೊಡನೆ ಕೂಡಿ ಏರ್ಪಡಿಸಿರುವ ಹದಿನೆಂಟು ಸಂಕೇತಕೇಂದ್ರಗಳ ಸರಣಿ ಅಲ್ಲಿದೆ. ನ್ಯೂಯಾರ್ಕಿನ ವಿಶ್ವಸಂಸ್ಥೆಯಿಂದ ಮೊದಲಾಗಿ ಕೆನಡಾ, ಹವಾಯಿ, ಜಪಾನು, ಲಂಕೆ, ಕೀನ್ಯಾ, ಫಿನ್ಲೆಂಡು, ಪೆರು ಮೊದಲಾದ ನಾಡುಗಳನ್ನು ಹಾಯ್ದು, ಉಪಗ್ರಹದ ಕಾಲಮಾನಕ್ಕೆ ಬದ್ಧವಾಗಿ, ಒಂದೊಂದು ಕೇಂದ್ರವೂ ತನ್ನ ಹತ್ತು ಸೆಕೆಂಡುಗಳಲ್ಲಿ ಹೆಸರನ್ನು ಮೋರ್ಸ್‌ನಲ್ಲಿ ನುಡಿದು, ನಾಲ್ಕು ದೀರ್ಘನಾದಗಳನ್ನು ಹೊರಡಿಸಿ ಸುಮ್ಮನಾಗುತ್ತದೆ. ಮೂರು ನಿಮಿಷಕ್ಕೆ ಭೂಪ್ರದಕ್ಷಿಣೆ ಮುಗಿದು ಮತ್ತೆ ಮೊದಲಾಗುತ್ತದೆ. ಆ ನಾದಗಳ ಶಕ್ತಿಯೋ ಕ್ರಮವಾಗಿ 100, 10, 1, 0.1 ವ್ಯಾಟ್. ಎಷ್ಟನೆಯ ನಾದದವರೆಗೆ ಕೇಳಿಸಿತೆಂಬುದರಿಂದ ಆ ದಿಕ್ಕಿನ ಆಕಾಶದ ಅಂದಿನ ಮನೋಧರ್ಮವನ್ನು ಅಳೆಯಬಹುದು. ನೆರೆಯ ಲಂಕೆ ತರಂಗದ ನೆಗೆತದ ಕೆಳಗೆ ಅಡಗಿ ಅಶ್ರುತವಾಗಿರುವಾಗ, ಫಿನ್ಲೆಂಡಿನ ಮೂರನೆಯ ನಾದ ಕೂದಲೆಳೆಯಷ್ಟು ಕ್ಷೀಣವಾಗಿ ಕರ್ಣಗೋಚರವಾದರೆ ಆಗುವ ಸಂತೋಷವನ್ನು ಯಾವ ಸಂಭಾಷಣೆಯೂ ನನಗೆ ಇದುವರೆಗೆ ಕೊಟ್ಟಿಲ್ಲ.

ಪ್ರಸಾರಕ್ಕೆ ಪರೀಕ್ಷೆಯೂ ಪರವಾನಗಿಯೂ ಬೇಕು. ಈ ಸರದಿಯನ್ನು ಆಲಿಸಲಾದರೋ ಮೋರ್ಸ್ ಹಿಡಿಯಬಲ್ಲ ಕಿರುತರಂಗದ ರೇಡಿಯೊ ಒಂದು, ಕಿಟಕಿಯಿಂದಾಚೆಗೆ ಎಳೆದ ತಂತಿಯೊಂದು, ಇಷ್ಟಿದ್ದರಾಯಿತು. ವಾಚಕ ಮಹಾಶಯರು ಒಂದು ಸಂಜೆ ಮೂರು ನಿಮಿಷ ಬಿಡುವು ಮಾಡಿಕೊಂಡು ನೋಡಬೇಕೆಂದು ನನ್ನ ವಿಜ್ಞಾಪನೆ.