ಒಂಬತ್ತನೆಯ ತೂತು

ದುಡ್ಡು ಕೊಟ್ಟು ತಮ್ಮದೇ ದೋಣಿಯ ತಳಕ್ಕೆ ತೂತು ಕೊರೆದುಕೊಳ್ಳುವವರು ಇದ್ದಾರೆ ಎಂದು ಗಂಗೊಳ್ಳಿಯಲ್ಲಿ ಹೇಳಿದರೆ ನಂಬುವವರಿಲ್ಲ. ಕಳೆದ ವರ್ಷದವರೆಗೆ ನಾನೂ ನಂಬುತ್ತಿರಲಿಲ್ಲ. ಈಗ ನಂಬದೆ ವಿಧಿಯಿಲ್ಲ, ಯಾಕೆಂದರೆ ಕೊರೆಯುವಾಗ ಒಳಗೆ ಟಾರ್ಚು ಹಿಡಿದು ಕೂತವನು ನಾನೇ.

ದೋಣಿ ಮಗನದು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ದಡ ಬರ್ಕಲಿಯಲ್ಲಿ ಅದನ್ನು ಕಟ್ಟಿಟ್ಟಿರುತ್ತಾನೆ. ಇಪ್ಪತ್ತೇಳು ಅಡಿಯ ಹಾಯಿದೋಣಿ, ಫೈಬರ್‌ಗ್ಲಾಸಿನದು, 1978ರಲ್ಲಿ ತಯಾರಾದದ್ದು. ನಾನು ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಸೇರಿದ್ದೂ ಅದೇ ವರ್ಷ. ಆಫೀಸಿನ ಗೆಳೆಯನ ಜೊತೆ ಪಾಲಿನಲ್ಲಿ ಕೊಂಡದ್ದಂತೆ. ಅಲ್ಲಿ ಹಳೇ ದೋಣಿ ಹಳೇ ಕಾರಿಗಿಂತ ಅಗ್ಗಕ್ಕೆ ಸಿಕ್ಕಿಬಿಡುತ್ತದೆ; ಕಟ್ಟಿಡುವ ಜಾಗದ ಬಾಡಿಗೆ, ಬಣ್ಣ, ಹಗ್ಗ, ರಿಪೇರಿ ಎಂದು ಆಮೇಲೆ ಆನೆ ಸಾಕಿದ ಹಾಗಾಗುತ್ತದೆ. "ಸಮುದ್ರ ಬಿಟ್ ಓದುಕೆ ಅಂದೇಳಿ ಕಳ್ಸಿರೆ ಮತ್ತೆ ಸಮುದ್ರಕ್ಕೇ ಹೋಯಿ ಬಿದ್ದ" ಎಂದು ನನ್ನವಳು ಮೊದಲ ದಿನವೇ ತೀರ್ಪು ಕೊಟ್ಟಿದ್ದಳು.

ನಾವು ಹೋದ ಎರಡನೇ ವಾರ ಮಗ ನಮ್ಮನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಟ. ಬಿಸಿಲಿತ್ತು, ಗಾಳಿ ಹಿತವಾಗಿತ್ತು, ಸೊಸೆ ಚಿತ್ರಾನ್ನ ಕಟ್ಟಿಕೊಟ್ಟಿದ್ದಳು. ಅರ್ಧ ಗಂಟೆಯಲ್ಲಿ ದೋಣಿ ಮೆಲ್ಲಗೆ, ಯಾರೋ ಹಿಂದಿನಿಂದ ಸೆರಗು ಹಿಡಿದ ಹಾಗೆ, ನಿಂತಿತು. ಕೆಳಗೆ ಕೆಸರು. ಇಳಿತದ ಹೊತ್ತು ಬೇರೆ. ದೋಣಿಯ ಅಡಿಯಲ್ಲಿ, ನೀರಿನ ಮಟ್ಟದಿಂದ ನಾಲ್ಕಡಿ ಇಳಿದಿರುವ ಕೀಲ್ ಎಂಬ ಸೀಸದ ರೆಕ್ಕೆ ಆ ಕೆಸರಲ್ಲಿ ಊರಿಕೊಂಡು ನಿಂತುಬಿಟ್ಟಿತ್ತು. ಮತ್ತೆ ಭರತ ಏರಿ ನಮ್ಮನ್ನು ಎತ್ತುವವರೆಗೆ ನಾಲ್ಕು ಗಂಟೆ, ಒಂದು ಪಕ್ಕಕ್ಕೆ ವಾಲಿಕೊಂಡು, ಚಿತ್ರಾನ್ನ ತಿಂದೆವು. ದೋಣಿಯಲ್ಲಿ ಆಳ ತೋರಿಸುವ ಹಳೆಯ ಯಂತ್ರವೊಂದಿತ್ತು. ಅದು ಎಂದೋ ಕಣ್ಣು ಮುಚ್ಚಿದ್ದರಿಂದ ಅಲಂಕಾರಕ್ಕೆ ಮಾತ್ರ ಇತ್ತು. ಫೋನಿನ ನಕ್ಷೆಯಲ್ಲಿ ಆಳದ ಅಂಕಿಗಳಿದ್ದವು ನಿಜ, ಆದರೆ ಕೆಸರು ನಕ್ಷೆ ನೋಡಿಕೊಂಡು ಕೂರುವುದಿಲ್ಲ.

ಆ ಕೊಲ್ಲಿಯ ಪೂರ್ವದಂಡೆ ಎಷ್ಟು ತೆಳುನೀರಿನದೆಂದರೆ, 1926ರಲ್ಲಿ ಕಾರು ಸಾಗಿಸುವ ಫೆರ್ರಿ ಬಂದು ನಿಲ್ಲುವಷ್ಟು ಆಳ ಸಿಗಲಿ ಎಂದು ಬರ್ಕಲಿಯ ಕಟ್ಟೆಯನ್ನು ಮೂರು ಮೈಲಿಗೂ ಹೆಚ್ಚು ದೂರ ನೀರಿನೊಳಕ್ಕೆ ಕಟ್ಟಿಕೊಂಡು ಹೋದರಂತೆ. ಹತ್ತು ವರ್ಷದಲ್ಲಿ ಬೇ ಬ್ರಿಡ್ಜ್ ಬಂತು, ಫೆರ್ರಿ ನಿಂತಿತು. ಕಟ್ಟೆಯ ಮುರುಕು ಕಂಬಗಳು ಇನ್ನೂ ಸಾಲಾಗಿ ನಿಂತಿವೆ, ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಿರುತ್ತವೆ.

ಮುಂದಿನ ವಾರ ಮನೆಗೆ ಒಂದು ಪೆಟ್ಟಿಗೆ ಬಂತು. ಒಳಗೆ ಅಣಬೆಯಾಕಾರದ ಪ್ಲಾಸ್ಟಿಕ್ಕಿನ ಕೊಳವೆ, ಅದರೊಳಗೆ ಕೂರುವ ಸೆನ್ಸರು, ತುದಿಯಲ್ಲಿ ಗಿರಗಿಟ್ಲೆಯಂಥ ಪುಟಾಣಿ ಚಕ್ರ. ಆಳ, ವೇಗ, ನೀರಿನ ಬಿಸಿ, ಮೂರನ್ನೂ ಹೇಳುವ ಒಂದೇ ಸಲಕರಣೆ. "ನೀರಿನ ಬಿಸಿ ಎಂತಕೆ, ಮೀಯುಕಾ?" ಎಂದು ಕೇಳಿದಳು ನನ್ನವಳು. ಆ ಪ್ರಶ್ನೆಗೆ ಮಗ ಉತ್ತರ ಕೊಡಲಿಲ್ಲ.

ನನಗೆ ಗಂಗೊಳ್ಳಿಯ ಬಿದಿರ ಗಳ ನೆನಪಾಯಿತು. ಓದುವ ಕಾಲಕ್ಕೆ ಕುಂದಾಪುರಕ್ಕೆ ನಾವು ದಾಟುತ್ತಿದ್ದದ್ದು ದೋಣಿಯಲ್ಲೇ. ಸೌಪರ್ಣಿಕೆ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಐದೂ ಕೂಡಿ ಪಂಚಗಂಗಾವಳಿಯಾಗಿ ಅಳಿವೆಯತ್ತ ಹೋಗುವ ನೀರು ಅದು. ದಡದ ಹತ್ತಿರ ಅಂಬಿಗ ಗಳ ಊರುತ್ತಿದ್ದ. ಗಳ ಎಷ್ಟು ಒದ್ದೆಯಾಯಿತು ಎಂಬುದರಲ್ಲಿ ಆಳ, ತುದಿ ಕಚ್ಚಿಕೊಂಡಿತೋ ಕರಕರ ಅಂದಿತೋ ಎಂಬುದರಲ್ಲಿ ಕೆಸರೋ ಹೊಯಿಗೆಯೋ, ಗಳ ಎತ್ತ ವಾಲಿತು ಎಂಬುದರಲ್ಲಿ ನೀರಿನ ಸೆಳೆತ. ಕೈಯಲ್ಲೇ ಮೂರು ಸುದ್ದಿ. ಆದರೆ ಮೂವತ್ತಡಿ ನೀರಿಗೆ ಗಳ ಸಾಲದು. ಅಲ್ಲಿ ಹಗ್ಗಕ್ಕೆ ಗುಂಡು ಕಟ್ಟಿ ಬಿಡಬೇಕು, ಮೇಲೆಳೆಯುವಾಗ ಮಾರು ಹಾಕಿ ಎಣಿಸಬೇಕು.

ಈ ಮಾರಿನದೊಂದು ಸೋಜಿಗ. ಇಂಗ್ಲಿಷಿನವರು ಸಮುದ್ರದ ಆಳ ಹೇಳುವ 'ಫ್ಯಾದಮ್' ಕೂಡ ಎರಡು ತೋಳು ಚಾಚಿದಷ್ಟು ಉದ್ದವೇ. ಅವರ ಹಳೆಯ ಭಾಷೆಯಲ್ಲಿ ಆ ಶಬ್ದಕ್ಕೆ ಚಾಚಿದ ತೋಳುಗಳು ಎಂದೇ ಅರ್ಥವಂತೆ. ಆರಡಿಗೆ ಒಂದು ಫ್ಯಾದಮ್, ಅಂದರೆ ನಮ್ಮ ಮಾರೇ. ಮಿಸಿಸಿಪ್ಪಿ ನದಿಯ ಉಗಿಹಡಗುಗಳಲ್ಲಿ ಹಗ್ಗ ಇಳಿಬಿಟ್ಟವನು ಎರಡು ಮಾರು ನೀರಿದೆ, ಹಡಗಿಗೆ ಭಯವಿಲ್ಲ ಎನ್ನಲು 'ಮಾರ್ಕ್ ಟ್ವೇನ್' ಎಂದು ಕೂಗುತ್ತಿದ್ದ. ಅಲ್ಲಿ ಪೈಲಟ್ ಆಗಿದ್ದ ಸ್ಯಾಮ್ಯುಯೆಲ್ ಕ್ಲೆಮೆನ್ಸ್ 1863ರಲ್ಲಿ ಅದನ್ನೇ ಕಾವ್ಯನಾಮ ಮಾಡಿಕೊಂಡ, ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಪತ್ರಿಕೆಗೆ ಬರೆದ. ಕುಂದಾಪುರದಲ್ಲಿ ಹುಟ್ಟಿದ್ದರೆ ಅವನ ಹೆಸರು 'ಎರಡ್ ಮಾರ್ ಮಾರಾಯ' ಎಂದಾಗುತ್ತಿತ್ತು. ಇದನ್ನು ಹೇಳಿ ನಾನೊಬ್ಬನೇ ನಕ್ಕೆ.

ಪೆಟ್ಟಿಗೆಯ ಜೊತೆ ಬಂದ ಪುಸ್ತಕವನ್ನು ಮೇಷ್ಟ್ರ ಚಟಕ್ಕೆ ಬಿದ್ದು ಪೂರ್ತಿ ಓದಿದೆ. ಆಳದ ಕೆಲಸ ಕಷ್ಟದ್ದಲ್ಲ. ಬಾವಿಗೆ ಬಗ್ಗಿ ಕೂಗಿ ಪ್ರತಿಧ್ವನಿ ಕೇಳಿದ ಹಾಗೆ, ಅಷ್ಟೆ. ಸೆನ್ಸರಿನೊಳಗಿನ ಪಿಂಗಾಣಿಯ ಬಿಲ್ಲೆಗೆ ವಿದ್ಯುತ್ ಕೊಟ್ಟರೆ ಅದು ನಮ್ಮ ಕಿವಿಗೆ ನಿಲುಕದ ಸ್ವರದಲ್ಲಿ, ಸೆಕೆಂಡಿಗೆ ಎರಡು ಲಕ್ಷದಷ್ಟು ಕಂಪನದಲ್ಲಿ, ಒಂದು ಕೂಗು ಹಾಕುತ್ತದೆ. ಕೂಗು ತಳಕ್ಕೆ ಬಡಿದು ಬರುತ್ತದೆ. ಉಪ್ಪುನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಹೋಗಿ ಬಂದ ಹೊತ್ತನ್ನು ಅರ್ಧ ಮಾಡಿ ಗುಣಿಸಿದರೆ ಆಳ. ಏಳೂವರೆ ಅಡಿಗೆ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು ಸಾಕು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹೀಗೆ ನೀರಿನಲ್ಲಿ ಕೂಗಿ ಕೇಳುವ ಪ್ರಯತ್ನಕ್ಕೆ ಜೋರು ಬಂತು. ಎರಡೇ ವರ್ಷಕ್ಕೆ ರೆಜಿನಾಲ್ಡ್ ಫೆಸೆಂಡೆನ್ ಹಿಮಗಡ್ಡೆಯೊಂದರಿಂದ ಪ್ರತಿಧ್ವನಿ ಪಡೆದು ತೋರಿಸಿದ.

ಈ ಕೂಗಿಗೆ ತೂತೂ ಬೇಡ! ಗಟ್ಟಿ ಫೈಬರ್‌ಗ್ಲಾಸಾದರೆ ಒಳಗಡೆಯೇ ಅಂಟಿಸಿದರೂ ಸದ್ದು ಅದನ್ನು ದಾಟಿಹೋಗುತ್ತದೆ ಎಂದು ಓದಿ ನಾನು ಪುಸ್ತಕ ಹಿಡಿದುಕೊಂಡೇ ಮಗನ ಬಳಿ ಹೋದೆ. "ವೇಗದ ಚಕ್ರ ನೀರಿನಲ್ಲೇ ತಿರಗ್ಕಲೆ ಅಪ್ಪಯ್ಯ, ಅದ್ಕೆ ತೂತ್ ಬೇಕೇ ಬೇಕ್" ಎಂದ. ವೇಗವನ್ನು ಫೋನಿನ ಜಿಪಿಎಸ್ಸೇ ತೋರಿಸುತ್ತದಲ್ಲ ಎಂದೆ. "ಅದ್ ಬೇರೆ ವೇಗ. ನೀರಿಗ್ ಹೋದಾಗ ತೋರಿಸ್ತೆ" ಎಂದು ಮಾತು ಮುಗಿಸಿದ.

ದೋಣಿ ಕಟ್ಟೆಯ ಅಂಗಳದಲ್ಲಿ ಅಗಲ ಪಟ್ಟಿಗಳ ಎರಡು ಉಯ್ಯಾಲೆಯಲ್ಲಿ ದೋಣಿಯನ್ನು ನೀರಿನಿಂದ ಎತ್ತಿ, ನೆಲದ ಮೇಲೆ ಊರುಗೋಲು ಕೊಟ್ಟು ನಿಲ್ಲಿಸಿದರು. ನೀರಿನ ಮೇಲೆ ಅಷ್ಟು ಲಕ್ಷಣವಾಗಿ ಕಾಣುತ್ತಿದ್ದದ್ದು ಕೆಳಗಿನಿಂದ ನೋಡಿದರೆ ಪಾಚಿ, ಸುಣ್ಣದ ಗುಳ್ಳೆಗಳಂಥ ಬಾರ್ನಕಲ್ಲು. ನಾನು ಸುತ್ತ ಬಂದು ತೂತುಗಳನ್ನು ಎಣಿಸಿದೆ. ಎಂಜಿನ್ನಿಗೆ ನೀರು ಎಳೆಯಲೊಂದು, ಹೊಗೆ ಬಿಡಲೊಂದು, ಬಚ್ಚಲಿನದೊಂದು, ಕಕ್ಕಸಿನವೆರಡು, ಮಳೆನೀರು ಹರಿದುಹೋಗಲು ಎರಡು, ಪಂಪಿನದೊಂದು. ಒಟ್ಟು ಎಂಟು. ಪುರಂದರದಾಸರು ಅಂಬಿಗನನ್ನು ಕೂಗಿ ಕರೆದ ಕೀರ್ತನೆಯಲ್ಲಿ ಹರಿಗೋಲಿಗೆ ಒಂಬತ್ತು ಛಿದ್ರ. ದಾಸರ ಲೆಕ್ಕಕ್ಕೆ ನಮ್ಮಲ್ಲಿ ಒಂದು ಕಡಿಮೆ ಇತ್ತು, ಅದೂ ಈಗ ತುಂಬುವುದರಲ್ಲಿತ್ತು.

ಜಾಗ ಹುಡುಕಲು ಅರ್ಧ ದಿನ ಹೋಯಿತು. ಕೀಲಿನ ಹಿಂದೆ ನೀರು ಕಲಕಿರುತ್ತದೆ. ನೊರೆಯಲ್ಲಿ ಸದ್ದು ಸತ್ತುಹೋಗುತ್ತದೆ, ಚಕ್ರಕ್ಕೂ ಸುಳ್ಳು ಲೆಕ್ಕ ಬರುತ್ತದೆ. ಆದ್ದರಿಂದ ಕೀಲಿನ ಮುಂದೆ, ನಡುಗೆರೆಯ ಹತ್ತಿರ. ತಳ ತೀರ ಓರೆಯಾಗಿದ್ದರೆ ಕೂಗೂ ಓರೆಯಾಗಿ ಹೋದೀತು. ಒಳಗಿನಿಂದ ಕೈ ಹಾಕಿ ಸೆನ್ಸರನ್ನು ಎಳೆದು ತೆಗೆಯುವಷ್ಟು ಜಾಗವೂ ಇರಬೇಕು. ಕೊಳವೆ ಯಾವುದರದ್ದು ಎಂಬುದೂ ಜಾತಕ ಕೂಡಿಸಿದ ಹಾಗೆ: ಮರದ ದೋಣಿಗೆ ಪ್ಲಾಸ್ಟಿಕ್ ಕೂಡದು, ಮರ ನೀರು ಕುಡಿದು ಉಬ್ಬಿ ಅದನ್ನು ಒಡೆದೀತು, ಅದಕ್ಕೆ ಕಂಚು. ಲೋಹದ ದೋಣಿಗೆ ಕಂಚು ಕೂಡದು, ಉಪ್ಪುನೀರಿನಲ್ಲಿ ಎರಡು ಲೋಹ ಒಂದು ಮನೆಯಲ್ಲಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ನಮ್ಮದಕ್ಕೆ ಪ್ಲಾಸ್ಟಿಕ್ ಕೂಡಿಬಂತು.

ಮೊದಲು ಒಳಗಿನಿಂದ ಸಣ್ಣದೊಂದು ತೂತು. ಅದರಲ್ಲಿ ತಂತಿ ತೂರಿಸಿ ಹೊರಗೆ ಸರಿಯಾದ ಜಾಗಕ್ಕೇ ಬಂತೋ ಎಂದು ನೋಡಿದ್ದಾಯಿತು. ಆಮೇಲೆ ಮಗ ಹೊರಗೆ ಬೆನ್ನ ಮೇಲೆ ಮಲಗಿ 51 ಮಿಲಿಮೀಟರಿನ ದುಂಡು ಗರಗಸ ಹಿಡಿದ. "ಅಪ್ಪಯ್ಯ, ಹಲ್ಲು ಕಂಡ ಕೂಡ್ಲೆ ಕೂಗಿ!" ಒಳಗೆ ಮೊಣಕಾಲೂರಿ ಟಾರ್ಚು ಹಿಡಿದು ಕಾದೆ. ದೋಣಿಯಿಡೀ ಗುಂಯ್ ಎನ್ನುತ್ತಿತ್ತು. ಬಿಳಿ ಪುಡಿ ಹಾರಿತು, ಮೊದಲೊಂದು ದುಂಡನೆ ಗೆರೆ ಮೂಡಿತು, ಮತ್ತೆ ಒಮ್ಮೆಲೇ ಬೆಳಕು ಬಂತು. ನನಗೆ ಕೂಗಲು ಮರೆತೇಹೋಯಿತು. ತೂತಿನಲ್ಲಿ ಮಗನ ಮುಖ ಕಂಡಿತು, ಕನ್ನಡಕದ ತುಂಬ ಪುಡಿ. ಗರಗಸದಿಂದ ತೆಗೆದ ಬಿಲ್ಲೆ ಅರ್ಧ ಇಂಚು ದಪ್ಪವಿತ್ತು. ಸಾಗರಕ್ಕೂ ನಮಗೂ ನಡುವೆ ಇದ್ದದ್ದು ಇಷ್ಟೇಯೋ ಎಂದು ಅದನ್ನು ಕಿಸೆಗೆ ಹಾಕಿಕೊಂಡೆ.

ಕತ್ತರಿಸಿದ ಅಂಚಿಗೆ ಎಪಾಕ್ಸಿ ಬಳಿದು ಒಣಗಿಸಿ, ಕೊಳವೆಯ ಸುತ್ತ ಅಂಟು ಮೆತ್ತಿ, ಕೆಳಗಿನಿಂದ ತೂರಿಸಿ, ಮೇಲಿನಿಂದ ನಾನು ನಟ್ಟು ತಿರುಗಿಸಿದೆ. ಕೊಳವೆಯ ಮೇಲಿನ ಬಾಣದ ಗುರುತು ಮುಂದಕ್ಕೇ ಇರಬೇಕು, ಇಲ್ಲದಿದ್ದರೆ ಚಕ್ರಕ್ಕೆ ನೀರು ನೇರ ಬಡಿಯುವುದಿಲ್ಲ. ನಟ್ಟನ್ನು ಕೈಬಿಗಿಯಲ್ಲೇ ಬಿಡಬೇಕು, ಜಾಸ್ತಿ ಮಾಡಿದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಇಷ್ಟು ವಿವೇಕ ತೋರಿದ ನಾನೇ ಮರುದಿನ ಒಂದು ಅವಿವೇಕ ಮಾಡಿದೆ. ಮಗ ದೋಣಿಯ ತಳಕ್ಕೆ ಬಾರ್ನಕಲ್ ಹತ್ತದಂಥ ತಾಮ್ರದ ಬಣ್ಣ ಬಳಿದು ಊಟಕ್ಕೆ ಹೋಗಿದ್ದ. ಡಬ್ಬದಲ್ಲಿ ಒಂದಿಷ್ಟು ಉಳಿದಿತ್ತು. ಹಾಳಾಗುವುದೇಕೆ ಎಂದು ಚಕ್ರಕ್ಕೂ ಎರಡು ಕೋಟು ಬಳಿದೆ. ಸೆನ್ಸರಿಗೆ ಬೇರೆಯೇ, ನೀರಿನಲ್ಲಿ ಕಲಸಿದ ಬಣ್ಣ ಬೇಕು ಎಂಬ ಪುಟವನ್ನೂ ನಾನು ಓದಿದ್ದೆ. ಓದಿದ್ದೆಲ್ಲ ಸಮಯಕ್ಕೆ ಬರುವುದಿಲ್ಲ ಎಂದು ನನ್ನ ವಿದ್ಯಾರ್ಥಿಗಳು ಹೇಳುತ್ತಿದ್ದದ್ದು ನಿಜ.

ದೋಣಿಯನ್ನು ನೀರಿಗಿಳಿಸಿದೆವು. ಪರದೆಯಲ್ಲಿ ಆಳ ಬಂತು, ಬಿಸಿಯೂ ಬಂತು, ವೇಗ ಮಾತ್ರ ಸೊನ್ನೆ. ಎಂಜಿನ್ ಹಾಕಿ ಓಡಿಸಿದರೂ ಸೊನ್ನೆ. "ಚಕ್ರ ತೆಗ್ದ್ ಕಾಂಬ" ಎಂದ ಮಗ. ತೇಲುವ ದೋಣಿಯಲ್ಲಿ ಅದನ್ನು ತೆಗೆಯುವುದೆಂದರೆ ತೂತನ್ನು ತೆರೆದ ಹಾಗೆ. ಅದಕ್ಕೆಂದೇ ಒಂದು ಬಿರಡೆ ಕೊಟ್ಟಿರುತ್ತಾರೆ. ಒಂದು ಕೈ ಸೆನ್ಸರು ಎಳೆಯಬೇಕು, ಇನ್ನೊಂದು ಅದೇ ಕ್ಷಣಕ್ಕೆ ಬಿರಡೆ ಒತ್ತಬೇಕು. ನಾನು ರಾತ್ರಿಯೇ ಲೆಕ್ಕ ಹಾಕಿದ್ದೆ: ಒಂದೂವರೆ ಅಡಿ ನೀರಿನ ಒತ್ತಡಕ್ಕೆ ಅಷ್ಟಗಲದ ತೂತಿನಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಲೀಟರು. ನಮ್ಮೂರ ನಲ್ಲಿಯಲ್ಲಿ ಅಂಥ ನೀರನ್ನು ನಾನು ಕಂಡವನಲ್ಲ. ಒಳಗೆ ತಾನಾಗಿ ಮುಚ್ಚಿಕೊಳ್ಳುವ ಕವಾಟವೊಂದಿತ್ತು ನಿಜ, ಆದರೂ ಬಿರಡೆ ಕೂರುವಷ್ಟರಲ್ಲಿ ಕಾರಂಜಿ ಎದ್ದು ನನ್ನ ಪಂಚೆಯನ್ನು ಮೊಣಕಾಲವರೆಗೆ ತೋಯಿಸಿತು. ಹದಿನಾಲ್ಕು ಡಿಗ್ರಿ ಎಂದು ಪರದೆ ಹೇಳಿದ್ದು ಸುಳ್ಳಲ್ಲ. ಚಕ್ರದ ಅಚ್ಚು ಬಣ್ಣದಲ್ಲಿ ಮೆತ್ತಿಕೊಂಡಿತ್ತು. ಯಾರ ಕೆಲಸ ಎಂದು ಮಗ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಲ್ಲುಜ್ಜುವ ಬ್ರಷ್ಷಿನಲ್ಲಿ ಇಬ್ಬರೂ ಸೇರಿ ಉಜ್ಜಿದೆವು.

ಆಳದ ಅಂಕಿ ನಂಬಬಹುದೋ ಎಂದು ನೋಡಲು ಗಾರೆ ಕೆಲಸದವರ ತೂಗುಗುಂಡಿಗೆ ದಾರ ಕಟ್ಟಿ ಇಳಿಬಿಟ್ಟೆ. ನನ್ನ ದಾರ ಒಂಬತ್ತಡಿ ಎಂದಿತು, ಪರದೆ ಏಳೂವರೆ. ನನಗೆ ಖುಷಿಯಾಯಿತು. ಮಗ ನಕ್ಕ. ಯಂತ್ರ ಅಳೆಯುವುದು ತನ್ನ ಮೂತಿಯಿಂದ, ಮೂತಿ ಇರುವುದು ನೀರಿನ ಮಟ್ಟಕ್ಕಿಂತ ಒಂದೂವರೆ ಅಡಿ ಕೆಳಗೆ. ಬೇಕಾದರೆ ಒಂದೂವರೆ ಕೂಡಿಸಿ ನೀರಿನ ಪೂರ್ತಿ ಆಳ ತೋರಿಸು ಎನ್ನಬಹುದು, ಇಲ್ಲವೇ ಎರಡೂವರೆ ಕಳೆದು ಕೀಲಿನ ಕೆಳಗೆ ಎಷ್ಟು ಉಳಿಯಿತು ಎಂದು ಕೇಳಬಹುದು. ಆಗ ಐದು. ಒಂದೇ ಜಾಗ, ಮೂರು ಆಳ. ನಾನು ಒಂಬತ್ತೇ ಸರಿ ಎಂದೆ. ಅವನು ಐದು ಎಂದು ಇಟ್ಟ. ಕೆಸರಲ್ಲಿ ಸಿಕ್ಕಿಕೊಂಡವನಿಗೆ ಬೇಕಾದದ್ದು ಉಳಿದದ್ದರ ಲೆಕ್ಕ ತಾನೆ.

ಗುಂಡು ಮೇಲೆ ಬಂದಾಗ ಅದಕ್ಕೆ ಬೂದು ಬಣ್ಣದ ಕೆಸರು ಮೆತ್ತಿತ್ತು, ಬೆಣ್ಣೆಯಷ್ಟು ನುಣ್ಣಗೆ. ಈ ಕೊಲ್ಲಿಯ ಕೆಸರಿಗೆ ಚಿನ್ನದ ನಂಟಿದೆ. 1853ರಿಂದ ಶುರುವಾಗಿ ಸಿಯೆರಾ ನೆವಾಡದ ಬೆಟ್ಟಗಳಿಗೆ ದಪ್ಪ ಕೊಳವೆಗಳಿಂದ ನೀರು ಹೊಡೆದು, ಮಣ್ಣು ಕರಗಿಸಿ ಚಿನ್ನ ಆರಿಸುತ್ತಿದ್ದರು. ಹೊಲ ಮುಳುಗಿದ ರೈತರು ಕೋರ್ಟಿಗೆ ಹೋಗಿ 1884ರಲ್ಲಿ ತಡೆಯಾಜ್ಞೆ ತರುವವರೆಗೆ ಬೆಟ್ಟಗಳು ನದಿಯಲ್ಲಿ ಇಳಿದುಬಂದವು. ಗ್ರೋವ್ ಕಾರ್ಲ್ ಗಿಲ್ಬರ್ಟ್ ಎಂಬ ಭೂವಿಜ್ಞಾನಿ 1917ರ ವರದಿಯಲ್ಲಿ ಆ ಮಣ್ಣಿನ ಲೆಕ್ಕ ಕೊಟ್ಟಿದ್ದಾರೆ. ಅದರಲ್ಲಿ ಬಹಳಷ್ಟು ಕೊಲ್ಲಿಯ ಉತ್ತರ ಭಾಗದಲ್ಲಿ ಕೂತಿತು. ಚಿನ್ನ ಯಾರ ಕೈ ಸೇರಿತೋ, ಕೆಸರಂತೂ ಊರಿಗೆ ಉಳಿಯಿತು.

ಬಾಕಿ ಇದ್ದದ್ದು 'ಬೇರೆ ವೇಗ'. ದೋಣಿಯ ವೇಗವನ್ನು ನಾಟ್ ಎನ್ನುತ್ತಾರೆ, ಅಂದರೆ ಗಂಟು. ಹಿಂದೆ ಹಲಗೆಯೊಂದಕ್ಕೆ ಕಟ್ಟಿದ ಹಗ್ಗವನ್ನು ಹಿಂದಕ್ಕೆ ಬಿಟ್ಟು, ಮರಳುಗಡಿಯಾರದ 28 ಸೆಕೆಂಡಿನಲ್ಲಿ ಎಷ್ಟು ಗಂಟು ಕೈ ದಾಟಿತು ಎಂದು ಎಣಿಸುತ್ತಿದ್ದರು. ಗಂಟಿನಿಂದ ಗಂಟಿಗೆ 47 ಅಡಿ 3 ಇಂಚು. ನಾನು "ಗಂಟೆಗೆ ಐದು ಗಂಟು" ಎಂದಾಗೆಲ್ಲ ಮಗ ತಿದ್ದುತ್ತಿದ್ದ: ಬರೀ ಗಂಟು ಎಂದರೆ ಸಾಕು, ಗಂಟೆ ಅದರೊಳಗೇ ಇದೆ.

ಒಂದು ಶನಿವಾರ ಗೋಲ್ಡನ್ ಗೇಟಿಗೆ ಹೊರಟೆವು. ಕೊಲ್ಲಿಯ ನೀರೆಲ್ಲ ಹೋಗಿ ಬರುವುದು ಆ ಒಂದೇ ಬಾಗಿಲಲ್ಲಿ, ನಮ್ಮ ಅಳಿವೆಯ ದೊಡ್ಡಣ್ಣ. ಬರ್ಕಲಿಯ ಮುಂದೆ ಎರಡು ಮಾರು ಸಿಗದ ನೀರು ಸೇತುವೆಯ ಹತ್ತಿರ ಮುನ್ನೂರು ಅಡಿ ದಾಟುತ್ತದೆ; ಪರದೆಯ ಅಂಕಿ ಓಡಿ ಓಡಿ ಏರಿತು. ಸೇತುವೆಯಾಚೆ ಹೋಗಿ ಹಿಂತಿರುಗುವಾಗ ಇಳಿತ ಜೋರಾಗಿತ್ತು, ಕೊಲ್ಲಿ ಹೊರಕ್ಕೆ ಹರಿಯುತ್ತಿತ್ತು. ಹಾಯಿ ತುಂಬಿತ್ತು, ಎರಡೂ ಪಕ್ಕಕ್ಕೆ ನೀರು ಸೀಳಿ ನೊರೆ ಹಾರುತ್ತಿತ್ತು, ಹಗ್ಗಗಳು ಹಾಡುತ್ತಿದ್ದವು. ನಾನು ತಲೆಯೆತ್ತಿದರೆ ಸೇತುವೆಯ ಕೆಂಪು ಗೋಪುರ ಆಗ ಎಲ್ಲಿತ್ತೋ ಅಲ್ಲೇ ಇತ್ತು. ಮಗ ಮಾತಾಡದೆ ಎರಡು ಪರದೆ ತೋರಿಸಿದ. ತೂತಿನ ಚಕ್ರ ಹೇಳಿತು: ಐದು ಗಂಟು. ಫೋನು ಹೇಳಿತು: ಒಂದಕ್ಕೂ ಕಡಿಮೆ. ನೀರಿನ ಲೆಕ್ಕದಲ್ಲಿ ಓಡುತ್ತಿದ್ದೆವು, ನೆಲದ ಲೆಕ್ಕದಲ್ಲಿ ತೆವಳುತ್ತಿದ್ದೆವು. ಎರಡರ ಅಂತರ ಅಲ್ಲಿನ ಸೆಳೆತ; ಒಂದೇ ಪರದೆಯಿದ್ದರೆ ಅದು ತಿಳಿಯುವಂತಿರಲಿಲ್ಲ.

ಹಿಂದೆ ಕೂತಿದ್ದ ನನ್ನವಳು ಸೆರಗು ಬಿಗಿದುಕೊಂಡು ಕೇಳಿದಳು: "ಹ್ವಾಯ್, ದೋಣಿ ಹೋತಾ ಇತ್ತಾ, ನಿಂತಿತ್ತಾ?"

"ಹೋತಾ ಇತ್ತ್" ಎಂದ ಮಗ.

"ನಿಂತಿತ್ತ್" ಎಂದೆ ನಾನು.

ಅವಳು ಗೋಪುರ ನೋಡಿದಳು, ನೊರೆ ನೋಡಿದಳು, ಚಕ್ಕುಲಿ ಡಬ್ಬದ ಮುಚ್ಚಳ ತೆಗೆದಳು. "ಹಂಗಾರೆ ತಿಂಬುಕೆ ಪುರ್ಸೊತ್ ಇತ್ತ್."